ಟ್ರೇಲರ್‌ಗೆ ವಿಂಚ್ ಕೂರಿಸಿದ ಕೆಲಸ: ಕೆಟ್ಟು ನಿಂತ ಜೀಪ್ ಹತ್ತಿಸೋದಕ್ಕೆ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಓಡುವ ಜೀಪ್ ಒಂದಿದ್ದರೆ ಶೆಡ್ಡಿನಲ್ಲಿ ಕೆಟ್ಟು ನಿಂತದ್ದು ಇನ್ನೊಂದು ಇರುತ್ತದೆ. ಎಂಜಿನ್ ಬಿಚ್ಚಿದ್ದು, ಗೇರ್ ಬಾಕ್ಸ್ ಹೋದದ್ದು, ಬ್ರೇಕ್ ಡ್ರಮ್ ತುಕ್ಕು ಹಿಡಿದು ಚಕ್ರ ತಿರುಗದೇ ಇರುವುದು. ಅದನ್ನು ಗ್ಯಾರೇಜಿಗೆ ಒಯ್ಯಬೇಕು ಅಂದರೆ ಟ್ರ್ಯಾಕ್ಟರ್ ಟ್ರೇಲರ್ ಹಿಂದೆ ಎರಡು ಮರದ ಹಲಗೆ ಇಟ್ಟು ಏಳೆಂಟು ಜನ ತಳ್ಳುತ್ತಾರೆ. ಇಬ್ಬರು ಚಕ್ರದ ಹಿಂದೆ ಕಲ್ಲು ಕೊಡುತ್ತಾ ಬರುತ್ತಾರೆ. ಆ ಕಲ್ಲು ಕೊಡುವವನ ಕೈ ಚಕ್ರದಿಂದ ಒಂದು ಗೇಣು ದೂರದಲ್ಲಿರುತ್ತದೆ. ಮಳೆಗೆ ನೆನೆದ ಹಲಗೆ ಜಾರಿತು ಅಂದರೆ ಕೈ ಹಿಂದಕ್ಕೆ ತೆಗೆಯೋದಕ್ಕೂ ಸಮಯ ಇರುವುದಿಲ್ಲ. ಆ ಕೆಲಸವನ್ನು ಯಾರ ಕೈಯಲ್ಲೂ ಮಾಡಿಸಬಾರದು ಅನ್ನುವುದೇ ಈ ವಿಂಚ್ ಹಾಕಲು ಕಾರಣ. ವಿಂಚ್ ಅಂದರೆ ಮೋಟರ್‌ನಿಂದ ಡ್ರಮ್ ತಿರುಗಿಸಿ, ಅದಕ್ಕೆ ಹಗ್ಗ ಸುತ್ತಿಕೊಳ್ಳುತ್ತಾ ಭಾರ ಎಳೆಯುವ ಯಂತ್ರ.

ಟ್ರೇಲರ್ ಚಿಕ್ಕಪ್ಪನದು. ಒಂದೇ ಆಕ್ಸಲ್, ಎರಡು ಚಕ್ರ. ಪಕ್ಕದ ಬಾಗಿಲುಗಳನ್ನೆಲ್ಲ ತೆಗೆದು ಚಪ್ಪಟೆ ಮಾಡಿಕೊಂಡಿದ್ದಾರೆ. ಪ್ಲಾಟ್‌ಫಾರಂ 4 ಮೀಟರ್ ಉದ್ದ, 1.9 ಮೀಟರ್ ಅಗಲ, ನೆಲದಿಂದ 750 ಮಿಮೀ ಎತ್ತರ. ಕೆಳಗೆ ಉದ್ದಕ್ಕೆ ಎರಡು 100 ಮಿಮೀ ಚಾನೆಲ್ (C ಆಕಾರದ ಕಬ್ಬಿಣದ ತೊಲೆ), ಮೇಲೆ 3 ಮಿಮೀ ಚೆಕರ್ಡ್ ಪ್ಲೇಟ್. ಕಾಫಿ ಮೂಟೆ, ಗೊಬ್ಬರ, ಟಿಲ್ಲರ್ ಎಲ್ಲಾ ಇದರ ಮೇಲೆಯೇ ಓಡಾಡುತ್ತವೆ.

ಅಂಗಡಿಯಿಂದ ವಿಂಚ್ ತಂದು ನಾಲ್ಕು ಬೋಲ್ಟ್ ಬಿಗಿದರೆ ಮುಗಿಯಿತು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ವಿಂಚ್ ಜೀಪನ್ನು ಎಷ್ಟು ಬಲದಲ್ಲಿ ಎಳೆಯುತ್ತದೋ ಅಷ್ಟೇ ಬಲದಲ್ಲಿ ತಾನು ಕೂತ ಜಾಗವನ್ನೂ ಹಿಂದಕ್ಕೆ ಎಳೆಯುತ್ತದೆ. ಚೆಕರ್ಡ್ ಪ್ಲೇಟ್‌ಗೆ ಬೋಲ್ಟ್ ಹಾಕಿದರೆ ಮೊದಲು ಕಿತ್ತು ಬರುವುದು ಆ ಪ್ಲೇಟು. ಅದಕ್ಕೇ ನಮ್ಮ ಸಮಯದಲ್ಲಿ ಹೆಚ್ಚಿನದು ವಿಂಚ್ ಕೂರುವ ಸ್ಟ್ಯಾಂಡಿಗೆ, ಹಗ್ಗ ಹೋಗುವ ದಾರಿಗೆ ಹೋಯಿತು. ವಿಂಚ್ ಕೂರಿಸಲು ಒಂದು ಮಧ್ಯಾಹ್ನ ಸಾಕಾಯಿತು.

ಎಷ್ಟು ಎಳೆಯಬೇಕು?

ಹಳೆಯ ಡೀಸೆಲ್ ಜೀಪ್‌ಗೆ 1400 ಕಿಲೋ ಅಂತ ಲೆಕ್ಕ ಇಟ್ಟುಕೊಂಡೆವು. ರ‍್ಯಾಂಪ್ 2.8 ಮೀಟರ್ ಉದ್ದ, ಏರಬೇಕಾದ್ದು 750 ಮಿಮೀ. ಅಂದರೆ ಇಳಿಜಾರು ಹದಿನೈದು ಡಿಗ್ರಿಗಿಂತ ಚೂರು ಜಾಸ್ತಿ. ಏರಿಸುವುದಕ್ಕೆ ಬೇಕಾದ ಬಲ 1400ನ್ನು 0.75ರಿಂದ ಗುಣಿಸಿ 2.8ರಿಂದ ಭಾಗಿಸಿದಷ್ಟು, ಸುಮಾರು 375 ಕಿಲೋ. ಟೈರ್ ಉರುಳುವುದಕ್ಕೆ ಇನ್ನೊಂದು 70 ಕಿಲೋ ಸೇರಿಸಿ. ಚಕ್ರ ನಾಲ್ಕೂ ತಿರುಗುತ್ತಿದ್ದರೆ 450 ಕಿಲೋ ಎಳೆತ ಸಾಕು.

ನಾವು ಸಾಗಿಸಬೇಕಾದ ಜೀಪ್‌ಗಳಲ್ಲಿ ಚಕ್ರ ತಿರುಗುವುದೇ ಅಪರೂಪ. ನಾಲ್ಕೂ ಚಕ್ರ ಹಿಡಿದುಕೊಂಡಿದ್ದರೆ ಟೈರ್ ರ‍್ಯಾಂಪ್ ಮೇಲೆ ಉಜ್ಜಿಕೊಂಡೇ ಬರಬೇಕು. ಒಣಗಿದ ಕಬ್ಬಿಣದ ಮೇಲೆ ರಬ್ಬರ್ ಉಜ್ಜುವುದಕ್ಕೆ ಭಾರದ ಅರವತ್ತು ಎಪ್ಪತ್ತು ಪರ್ಸೆಂಟ್ ಬಲ ಬೇಕಾಗುತ್ತದೆ. ಅದು 900 ಕಿಲೋ ಹತ್ತಿರ. ಏರಿನದು ಸೇರಿ 1250ರಿಂದ 1300. ಜೊತೆಗೆ ಮುಂದಿನ ಚಕ್ರ ಕೆಸರಿನಲ್ಲಿ ಕೂತಿದ್ದರೆ ಇನ್ನೂ ಮೇಲೆ.

ಹಾಗಾದರೆ 2 ಟನ್ ವಿಂಚ್ ಸಾಕಲ್ವಾ? ಸಾಕಾಗುವುದಿಲ್ಲ. ವಿಂಚ್ ಮೇಲೆ ಬರೆದಿರುವ ಬಲ ಡ್ರಮ್ಮಿನ ಮೊದಲ ಪದರಕ್ಕೆ ಮಾತ್ರ. ಹಗ್ಗ ಸುತ್ತಿಕೊಳ್ಳುತ್ತಾ ಹೋದಂತೆ ಡ್ರಮ್ ದಪ್ಪ ಆಗುತ್ತದೆ, ಎಳೆಯುವ ಬಲ ಕಡಿಮೆ ಆಗುತ್ತದೆ. ನಾವು ತಂದದ್ದು 12 ವೋಲ್ಟಿನ 9500 ಪೌಂಡ್ ವಿಂಚ್, ಅಂದರೆ 4300 ಕಿಲೋ. ಡ್ರಮ್ 64 ಮಿಮೀ, ಉಕ್ಕಿನ ಹಗ್ಗ 8.3 ಮಿಮೀ. ಮೊದಲ ಪದರದಲ್ಲಿ ಡ್ರಮ್ಮಿನ ನಡುವಿನಿಂದ ಹಗ್ಗದ ನಡುವಿಗೆ 36 ಮಿಮೀ ದೂರ. ನಾಲ್ಕನೇ ಪದರದಲ್ಲಿ ಅದು 60 ಮಿಮೀ ಹತ್ತಿರಕ್ಕೆ ಬರುತ್ತದೆ. 4300 ಇದ್ದದ್ದು 2600ಕ್ಕೆ ಇಳಿಯಿತು. ಅದೇ 2 ಟನ್ ವಿಂಚ್ ಆಗಿದ್ದರೆ ಮೇಲಿನ ಪದರದಲ್ಲಿ 1200 ಕಿಲೋ ಬರುತ್ತಿತ್ತು. ಚಕ್ರ ಹಿಡಿದ ಜೀಪು ರ‍್ಯಾಂಪಿನ ಮಧ್ಯದಲ್ಲಿ ನಿಂತುಬಿಡುತ್ತಿತ್ತು.

ಟ್ರೇಲರ್‌ಗೆ ಹಾಕುವವರು ಇನ್ನೂ ಒಂದು ವಿಷಯ ಗಮನಿಸಬೇಕು. ಈ ವಿಂಚ್‌ಗಳು ಕಾಡಿನಲ್ಲಿ ಮರಕ್ಕೆ ಕಟ್ಟಿ ಗಾಡಿ ಎಳೆಯುವುದಕ್ಕೆ ಅಂತ ತಯಾರಾದವು. ಅದಕ್ಕೆ 26 ಮೀಟರ್, 28 ಮೀಟರ್ ಹಗ್ಗ ಕೊಟ್ಟಿರುತ್ತಾರೆ. ನಮ್ಮ ಜೀಪ್ ರ‍್ಯಾಂಪಿನ ಬುಡದಲ್ಲಿ ನಿಂತಾಗ ವಿಂಚ್‌ನಿಂದ ಅದರ ಮೂತಿಗೆ ಇರುವ ದೂರ 7 ಮೀಟರ್ ಕೂಡ ಇಲ್ಲ. ಉಳಿದ 19 ಮೀಟರ್ ಯಾವಾಗಲೂ ಡ್ರಮ್ ಮೇಲೆ ದಪ್ಪಗೆ ಕೂತಿರುತ್ತದೆ. ಬಲ ಕಡಿಮೆ ಇರುವ ಮೇಲಿನ ಪದರಗಳಲ್ಲೇ ವಿಂಚ್ ದುಡಿಯುತ್ತಾ ಇರುತ್ತದೆ. ಅದಕ್ಕೇ ಹಗ್ಗವನ್ನು 15 ಮೀಟರ್‌ಗೆ ಕತ್ತರಿಸಿದೆವು. ಈಗ ಡ್ರಮ್ ತುಂಬಿದಾಗಲೂ ಎರಡು ಪದರ ಆಗಿ ಮೂರನೆಯದು ಶುರು ಆಗಿರುತ್ತದೆ, ಅಷ್ಟೇ.

"ಹೊಸ ಹಗ್ಗ ಕಣೋ, ಕತ್ತರಿಸ್ತೀಯಾ?" ಅಂತ ಚಿಕ್ಕಪ್ಪ ಎರಡು ಸಲ ಕೇಳಿದರು. ಉಳಿದ ತುಂಡು ಸುಮ್ನೆ ಬಿದ್ದಿಲ್ಲ. ಎರಡೂ ತುದಿ ಮಡಚಿ ಉಂಗುರದಂಥ ಕಣ್ಣು ಹಾಕಿಸಿ ಇಟ್ಟಿದ್ದೇವೆ. ಜೀಪ್ ದೂರದಲ್ಲಿದ್ದರೆ ಶ್ಯಾಕಲ್ (ಪಿನ್ ಇರುವ U ಆಕಾರದ ಕೊಂಡಿ) ಹಾಕಿ ಜೋಡಿಸಿಕೊಳ್ಳಬಹುದು.

ಕತ್ತರಿಸುವಾಗ ಕೊಕ್ಕೆಯ ಕಡೆ ಮುಟ್ಟಬೇಡಿ. ಅಲ್ಲಿ ಕಂಪನಿಯವರು ಕಣ್ಣು ಮಡಚಿ ಪ್ರೆಸ್ ಮಾಡಿರುತ್ತಾರೆ. ಡ್ರಮ್ ಕಡೆಯ ತುದಿ ಬಿಚ್ಚಿ, ಕತ್ತರಿಸುವ ಜಾಗದ ಎರಡೂ ಬದಿಗೆ ಟೇಪ್ ಬಿಗಿಯಾಗಿ ಸುತ್ತಿ, ಗ್ರೈಂಡರ್‌ನ ಕಟಿಂಗ್ ಚಕ್ರದಲ್ಲಿ ಕತ್ತರಿಸಿ. ಟೇಪ್ ಇಲ್ಲದಿದ್ದರೆ ಎಳೆಗಳು ಬಿಚ್ಚಿಕೊಂಡು ಪೊರಕೆಯಾಗುತ್ತವೆ. ಡ್ರಮ್ಮಿಗೆ ಹಗ್ಗ ಹಿಡಿಯುವ ಚಿಕ್ಕ ಸ್ಕ್ರೂ ಭಾರ ತಡೆಯುವುದಿಲ್ಲ, ಹಗ್ಗ ಜಾರದಂತೆ ಹಿಡಿದಿರುತ್ತದೆ ಅಷ್ಟೇ. ಭಾರ ತಡೆಯುವುದು ಡ್ರಮ್ ಮೇಲಿನ ಸುತ್ತುಗಳ ಉಜ್ಜಾಟ. ಹಾಗಾಗಿ ಎಷ್ಟೇ ಬಿಟ್ಟರೂ ಐದು ಸುತ್ತು ಡ್ರಮ್ ಮೇಲೆ ಉಳಿಯಲೇಬೇಕು. ಐದು ಸುತ್ತು ಉಳಿದಾಗ ಹೊರಗೆ ಬರುವ ಜಾಗದಲ್ಲಿ ಹಗ್ಗಕ್ಕೆ ಕೆಂಪು ಪೇಂಟ್ ಹಚ್ಚಿದ್ದೇವೆ. ಕೆಂಪು ಕಂಡರೆ ಬಿಡುವುದು ನಿಲ್ಲಿಸಬೇಕು.

ಹಗ್ಗ ಯಾವ ದಾರಿಯಲ್ಲಿ ಹೋಗುತ್ತದೆ

ಸ್ಟ್ಯಾಂಡ್ ಎಷ್ಟು ಎತ್ತರ ಇರಬೇಕು ಅನ್ನುವುದು ತುಂಬಾ ಯೋಚನೆಗೆ ಹಚ್ಚಿದ ಪ್ರಶ್ನೆ. ವೆಲ್ಡಿಂಗ್ ಶಾಪಿನ ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಅಳತೆಗೆ ಸರಿಯಾಗಿ ಟ್ರೇಲರ್, ರ‍್ಯಾಂಪ್, ಜೀಪ್ ಬರೆದು ನೋಡಿದೆವು. ಹಗ್ಗ ಹೊರಬರುವ ಜಾಗ ಪ್ಲಾಟ್‌ಫಾರಂನಿಂದ 200 ಮಿಮೀ ಮೇಲೆ, ಅಂದರೆ ನೆಲದಿಂದ 950 ಮಿಮೀ ಇದ್ದರೆ? ಜೀಪಿನ ಚಾಸಿ ಮೂತಿ ನೆಲದಿಂದ ಸುಮಾರು 500 ಮಿಮೀ. ಈ ಎರಡರ ಮಧ್ಯೆ ನೇರ ಗೆರೆ ಎಳೆದರೆ, ಟ್ರೇಲರ್ ಹಿಂದಿನ ಅಂಚಿಗೆ ಬರುವಾಗ ಗೆರೆ 685 ಮಿಮೀ ಎತ್ತರದಲ್ಲಿರುತ್ತದೆ. ಅಂಚು ಇರುವುದು 750ರಲ್ಲಿ. ಅಂದರೆ ಹಗ್ಗ ಅಂಚಿಗೆ ಒತ್ತಿಕೊಂಡು ಉಜ್ಜುತ್ತದೆ. ಉಕ್ಕಿನ ಹಗ್ಗ ಚೂಪು ಅಂಚಿನ ಮೇಲೆ ಭಾರದಲ್ಲಿ ಉಜ್ಜಿದರೆ ಎಳೆಗಳು ಒಂದೊಂದೇ ಕಡಿಯುತ್ತಾ ಬರುತ್ತವೆ.

ಅಂಚಿಗೆ ತಾಗದಂತೆ ಮಾಡಬೇಕಾದರೆ ವಿಂಚನ್ನು ಇನ್ನೂ 160 ಮಿಮೀ ಮೇಲಕ್ಕೆ ಎತ್ತಬೇಕು. ಎತ್ತಬಹುದು. ಆದರೆ ಸ್ಟ್ಯಾಂಡ್ ಉದ್ದ ಆದಷ್ಟೂ ಅದರ ಬುಡಕ್ಕೆ ಸನ್ನೆಯ ಬಲ ಜಾಸ್ತಿ ಬೀಳುತ್ತದೆ. ನಾನು ಕೆಳಗೇ ಇಡೋಣ ಅಂದೆ, ಹಿಂದಿನ ಅಂಚಿಗೆ ರೋಲರ್ ಹಾಕೋಣ ಅಂದೆ. ವೆಲ್ಡಿಂಗ್ ಅಣ್ಣ ಒಪ್ಪಿದರು. 60 ಮಿಮೀ ದಪ್ಪ ಗೇಜಿನ ಪೈಪ್, ಒಳಗೆ 25 ಮಿಮೀ ರಾಡ್, ಎರಡು ತುದಿಗೂ ಲೇತ್‌ನಲ್ಲಿ ಕೊರೆಸಿದ ಗನ್‌ಮೆಟಲ್ ಬುಶ್, ನಡುವೆ ಒಂದು ಗ್ರೀಸ್ ನಿಪ್ಪಲ್. ಎರಡು ರ‍್ಯಾಂಪ್‌ಗಳ ನಡುವಿನ ಜಾಗದಲ್ಲಿ ಮಾತ್ರ ಇದು ಕೂರುತ್ತದೆ, 600 ಮಿಮೀ ಅಗಲ. ಪೈಪಿನ ಮೇಲ್ಭಾಗ ಪ್ಲಾಟ್‌ಫಾರಂಗಿಂತ 20 ಮಿಮೀ ಎತ್ತರ ಇಟ್ಟಿದ್ದೇವೆ. ಹಗ್ಗ ಪ್ಲೇಟ್ ಮುಟ್ಟುವುದೇ ಇಲ್ಲ. ಜೀಪಿನ ಚಕ್ರ ಎರಡು ಬದಿಗೆ ಹೋಗುವುದರಿಂದ ರೋಲರ್ ಅದಕ್ಕೆ ಅಡ್ಡ ಬರುವುದಿಲ್ಲ. ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಚಿಕ್ಕ ಸಾಮಾನು, ಆದರೆ ಹಗ್ಗದ ಆಯಸ್ಸನ್ನು ಉಳಿಸುವುದು ಅದೇ.

ಪ್ಲಾಸ್ಟಿಕ್ ನೂಲಿನ ಹಗ್ಗ ಯಾಕೆ ಹಾಕಲಿಲ್ಲ ಅಂತ ಕೇಳುವವರಿದ್ದಾರೆ. ಅದು ಹಗುರ, ಕೈಗೆ ಚುಚ್ಚುವುದಿಲ್ಲ, ಕಡಿದರೂ ಉಕ್ಕಿನಷ್ಟು ಜೋರಾಗಿ ಬೀಸುವುದಿಲ್ಲ. ಒಳ್ಳೆಯದೇ. ಆದರೆ ವರ್ಷವಿಡೀ ಬಿಸಿಲಲ್ಲಿ ನಿಲ್ಲುವ ಟ್ರೇಲರ್ ಇದು. ಮರಳು, ಕೆಸರು ಮೆತ್ತಿಕೊಂಡ ನೂಲು ಒಳಗಿಂದಲೇ ಸವೆಯುತ್ತದೆ. ಇಂಥ ವಿಂಚ್‌ಗಳ ಬ್ರೇಕ್ ಡ್ರಮ್ಮಿನ ಒಳಗೇ ಇರುತ್ತದೆ. ಭಾರ ಇಳಿಸುವಾಗ ಅದು ಕಾಯುತ್ತದೆ, ಆ ಬಿಸಿ ನೂಲಿಗೆ ಆಗುವುದಿಲ್ಲ. ನಮ್ಮ ಬಳಕೆಗೆ ಉಕ್ಕೇ ಸರಿ ಅನ್ನಿಸಿತು. ತೊಗಲಿನ ಗ್ಲೌಸ್ ಮಾತ್ರ ಹಾಕಲೇಬೇಕು.

ಸ್ಟ್ಯಾಂಡ್

ಸ್ಟ್ಯಾಂಡನ್ನು ಪ್ಲಾಟ್‌ಫಾರಂ ಮೇಲೆ ಇಡಲಿಲ್ಲ, ಅದರ ಮುಂದಿನ ಅಂಚಿನ ಆಚೆ, ಟ್ರ್ಯಾಕ್ಟರ್‌ಗೆ ಸಿಕ್ಕಿಸಲು ಮುಂದಕ್ಕೆ ಚಾಚಿದ ಮೂಕಿಯ ಮೇಲೆ ನಿಲ್ಲಿಸಿದೆವು. ಇದಕ್ಕೆ ಎರಡು ಕಾರಣ. ಒಂದು, ಜೀಪಿಗೆ ಮುಂದೆ ಪೂರ್ತಿ ಜಾಗ ಸಿಗಬೇಕು. ಇನ್ನೊಂದು, ಮೂಕಿಯ ಚಾನೆಲ್ ನೇರವಾಗಿ ಚಾಸಿಗೆ ಸೇರುತ್ತದೆ. ಬಲ ಹೋಗಬೇಕಾದ್ದು ಅಲ್ಲಿಗೇ.

ಎರಡು ಕಾಲು, 75 ಮಿಮೀ ಚಾನೆಲ್. ಬುಡ ಮೂಕಿಗೆ, ಬೆನ್ನು ಪ್ಲಾಟ್‌ಫಾರಂನ ಮುಂದಿನ ಅಡ್ಡ ಚಾನೆಲ್‌ಗೆ ಒರಗಿರುತ್ತದೆ. ವಿಂಚ್ ಎಳೆದಾಗ ಸ್ಟ್ಯಾಂಡಿನ ತಲೆ ಹಿಂದಕ್ಕೆ ಬಾಗಲು ನೋಡುತ್ತದೆ. ಆಗ ಅಡ್ಡ ಚಾನೆಲ್ ಅದರ ಬೆನ್ನಿಗೆ ಆಸರೆ ಕೊಡುತ್ತದೆ. ಈ ಆಸರೆ ಇಲ್ಲದೆ ಮೂಕಿಯ ಮೇಲೆ ಕಾಲು ಮಾತ್ರ ನಿಲ್ಲಿಸಿದ್ದರೆ ಹಗ್ಗದಿಂದ ಬುಡಕ್ಕೆ 350 ಮಿಮೀ ಆಗುತ್ತಿತ್ತು. ವಿಂಚ್ ಪೂರ್ತಿ 4300 ಕಿಲೋ ಎಳೆದರೆ, ಒಂದು ಮೀಟರ್ ಸನ್ನೆಯ ತುದಿಗೆ 1500 ಕಿಲೋ ನೇತುಹಾಕಿದಷ್ಟು ಬಲ ಬುಡದ ವೆಲ್ಡ್ ಮೇಲೆ ಬೀಳುತ್ತದೆ. 75 ಮಿಮೀ ಚಾನೆಲ್ ಎರಡಕ್ಕೆ ಅದು ಜಾಸ್ತಿಯಾಯಿತು. ಆಸರೆ ಸಾಲದು ಅಂತ ಸ್ಟ್ಯಾಂಡಿನ ತಲೆಯಿಂದ ಮುಂದಕ್ಕೆ, ಮೂಕಿಯ ಕಡೆಗೆ, ಎರಡು ಓರೆ ಪಟ್ಟಿಗಳನ್ನೂ ಕೊಟ್ಟೆವು, 50 ಮಿಮೀ ಅಗಲ 10 ಮಿಮೀ ದಪ್ಪದ ಫ್ಲಾಟ್. ಎಳೆತದಲ್ಲಿ ಇವು ಬಿಗಿಯುತ್ತವೆ. ಎಳೆಯುವ ಜಾಗದಲ್ಲಿ ಫ್ಲಾಟ್ ಸಾಕು. ಒತ್ತುವ ಜಾಗವಾಗಿದ್ದರೆ ಅದು ಬಾಗುತ್ತದೆ, ಅಲ್ಲಿ ಆಂಗಲ್ ಹಾಕಬೇಕಾಗುತ್ತಿತ್ತು.

ಮೇಲಿನ ಪ್ಲೇಟ್ 10 ಮಿಮೀ ದಪ್ಪ. ಈ ಗಾತ್ರದ ವಿಂಚ್‌ಗಳಲ್ಲಿ ಬೋಲ್ಟ್ ತೂತಿನ ಅಳತೆ ಹೆಚ್ಚುಕಡಿಮೆ ಎಲ್ಲಾ ಕಂಪನಿಯಲ್ಲೂ ಒಂದೇ: ಉದ್ದಕ್ಕೆ 254 ಮಿಮೀ, ಅಡ್ಡಕ್ಕೆ 114 ಮಿಮೀ. ಆದರೂ ವಿಂಚ್ ಕೈಗೆ ಬಂದ ಮೇಲೆಯೇ ಕೊರೆಯಿರಿ. ನಡುವಿನ ಗೆರೆ ಹಾಕುವಾಗ ವಿಂಚ್‌ನ ಇಡೀ ದೇಹವನ್ನು ಅಳೆದು ಅರ್ಧ ಮಾಡಬಾರದು. ಮೋಟರ್ ಕಡೆ, ಗೇರ್ ಕಡೆ ಉದ್ದ ಬೇರೆ ಬೇರೆ ಇರುತ್ತದೆ. ಟ್ರೇಲರಿನ ನಡುಗೆರೆ ಮೇಲೆ ಬರಬೇಕಾದ್ದು ಡ್ರಮ್ಮಿನ ನಡು. ಅದು ಬೋಲ್ಟ್ ತೂತುಗಳ ನಡುವಿನಲ್ಲೇ ಇರುತ್ತದೆ. ಡ್ರಮ್ ಒಂದು ಬದಿಗೆ ಸರಿದರೆ ಹಗ್ಗ ಆ ಬದಿಗೇ ಗುಡ್ಡೆ ಹಾಕಿಕೊಳ್ಳುತ್ತದೆ. ಬೋಲ್ಟ್ 10 ಮಿಮೀ, 8.8 ಗ್ರೇಡ್, ತಲೆಯ ಮೇಲೆ 8.8 ಅಂತ ಕೆತ್ತಿರುತ್ತದೆ. ಡಬ್ಬಿಯಲ್ಲಿ ಸಿಗುವ ಯಾವುದೋ ಬೋಲ್ಟ್ ಇಲ್ಲಿ ಬೇಡ. ಟಾರ್ಕ್ ಪಾನಾದಲ್ಲಿ 45 ನ್ಯೂಟನ್ ಮೀಟರ್ ಬಿಗಿದು, ನಟ್ ಮೇಲೆ ಬಿಳಿ ಗೆರೆ ಎಳೆದಿದ್ದೇವೆ. ಸಡಿಲ ಆದರೆ ಗೆರೆ ಮುರಿದು ಕಾಣುತ್ತದೆ.

ವೆಲ್ಡಿಂಗ್ ಅಣ್ಣನ ಕೈಕೆಲಸವನ್ನು ಹತ್ತಿರದಿಂದ ನೋಡಬೇಕು. ಹಳೆಯ ಪೇಂಟ್, ತುಕ್ಕು ಎಲ್ಲಾ ಗ್ರೈಂಡ್ ಮಾಡಿ ಬೆಳ್ಳಗೆ ಹೊಳೆಯುವ ತನಕ ರಾಡ್ ಮುಟ್ಟಲೇ ಇಲ್ಲ. ಸಾದಾ ಕೆಲಸಕ್ಕೆ ಬಳಸುವ 6013 ಬಿಟ್ಟು ಈ ಕಾಲುಗಳಿಗೆ 7018 ರಾಡ್ ತೆಗೆದರು. "ಇದಕ್ಕೆ ಥಂಡಿ ಆಗಲ್ಲ ಅಣ್ಣ," ಅಂದು ಬಾಕ್ಸನ್ನು ಚಿಕ್ಕ ಓವನ್‌ನಲ್ಲಿ ಇಟ್ಟು ಬಿಸಿ ಮಾಡಿಕೊಂಡೇ ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದರು. ಮಲೆನಾಡಿನ ತೇವಕ್ಕೆ ರಾಡಿನ ಮೇಲಿನ ಲೇಪ ನೀರು ಕುಡಿದರೆ ವೆಲ್ಡ್ ಒಳಗೆ ಹೈಡ್ರೋಜನ್ ಸೇರಿ ಆಮೇಲೆ ಬಿರುಕು ಬಿಡುತ್ತದೆ. ಮೊದಲು ನಾಲ್ಕು ಮೂಲೆಗೆ ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡ್), ಮೂಲೆಮಟ್ಟ ಇಟ್ಟು ನೋಡಿದ್ದು, ಸುತ್ತಿಗೆಯಿಂದ ಒಂದು ಕೂದಲೆಳೆ ಸರಿಸಿದ್ದು, ಆಮೇಲೆ ಎಡಕ್ಕೊಂದು ಬಲಕ್ಕೊಂದು ಹೊಲಿಗೆ. ಒಂದೇ ಕಡೆ ಎಳೆದರೆ ಬಿಸಿಗೆ ಕಾಲು ಆ ಕಡೆ ವಾಲುತ್ತದೆ. ಸ್ಲ್ಯಾಗ್ ಕುಟ್ಟಿ ಬ್ರಷ್ ಹೊಡೆದಾಗ ಒಂದೇ ಅಗಲದ ಅಲೆ ಅಲೆಯಾದ ಗೆರೆ, ಎಲ್ಲೂ ತೂತಿಲ್ಲ.

ಎರಡು ಮಾತು ಅವರಿಂದ ಕಲಿತದ್ದು. ಚಾಸಿ ಚಾನೆಲ್‌ನ ಮೇಲಿನ ಮತ್ತು ಕೆಳಗಿನ ಅಂಚಿಗೆ ಅಡ್ಡಡ್ಡ ವೆಲ್ಡ್ ಹಾಕಬಾರದು. ಬಳುಕುವ ಚಾಸಿ ಅಲ್ಲಿಂದಲೇ ಬಿರುಕು ಬಿಡುತ್ತದೆ. ನಡುವಿನ ಹೊಟ್ಟೆಗೆ ಪ್ಲೇಟ್ ಸೇರಿಸಿ ಅದಕ್ಕೆ ವೆಲ್ಡ್ ಮಾಡಬೇಕು. ಇನ್ನೊಂದು, ಅರ್ತಿಂಗ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಬೇಕು. ದೂರದ ಆಕ್ಸಲ್‌ಗೆ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹೋಗಿ ಅದನ್ನು ಸುಡುತ್ತದೆ. ಟ್ರ್ಯಾಕ್ಟರ್ ಅನ್ನು ಬಿಚ್ಚಿ ದೂರ ನಿಲ್ಲಿಸಿಯೇ ವೆಲ್ಡ್ ಮಾಡಿದ್ದು.

ಪೂರ್ತಿ ವೆಲ್ಡ್ ಮಾಡುವ ಮುಂಚೆ, ಟ್ಯಾಕ್ ಇರುವಾಗಲೇ, ಟ್ರ್ಯಾಕ್ಟರ್ ಜೋಡಿಸಿ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ತೋಟದ ರಸ್ತೆಯ ತಿರುವುಗಳಲ್ಲಿ ಟ್ರ್ಯಾಕ್ಟರಿನ ದೊಡ್ಡ ಚಕ್ರ ಮೂಕಿಯ ಹತ್ತಿರಕ್ಕೆ ಬರುತ್ತದೆ. ನಮ್ಮದರಲ್ಲಿ ಚಕ್ರಕ್ಕೂ ಸ್ಟ್ಯಾಂಡಿಗೂ ನಡುವೆ ಒಂದು ಮೊಳ ಉಳಿಯಿತು. ಅದು ಸಾಕು.

ಕರೆಂಟಿನ ಕೆಲಸ

ಈ ವಿಂಚ್ ಸುಮ್ಮನೆ ತಿರುಗುವಾಗ 60ರಿಂದ 80 ಆಂಪ್ ಎಳೆಯುತ್ತದೆ, ಪೂರ್ತಿ ಭಾರದಲ್ಲಿ 400 ಆಂಪ್ ಹತ್ತಿರ ಹೋಗುತ್ತದೆ. ಟ್ರ್ಯಾಕ್ಟರಿನ ಬ್ಯಾಟರಿಯಿಂದಲೇ ವೈರ್ ತರೋಣ ಅಂತ ಮೊದಲು ಯೋಚಿಸಿದ್ದು. ಹೋಗಿ ಬರುವ ಉದ್ದ 12 ಮೀಟರ್. 35 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿದರೂ 400 ಆಂಪ್‌ಗೆ 2.4 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 12ರಲ್ಲಿ 2.4 ಹೋದರೆ ಮೋಟರ್ ಬಳಲುತ್ತದೆ, ಬಿಸಿ ಜಾಸ್ತಿ ಆಗುತ್ತದೆ.

ಅದಕ್ಕೆ ಟ್ರೇಲರ್ ಮೇಲೆಯೇ ಬೇರೆ ಬ್ಯಾಟರಿ, 80 ಆಂಪಿಯರ್ ಅವರ್. ವಿಂಚ್‌ನಿಂದ ಒಂದು ಮೀಟರ್ ಒಳಗೆ. ಜೀಪ್ ಒಂದನ್ನು ಹತ್ತಿಸಲು ಎರಡು ನಿಮಿಷ, ಸರಾಸರಿ 130 ಆಂಪ್ ಅಂತ ಹಿಡಿದರೂ ಖರ್ಚಾಗುವುದು ನಾಲ್ಕೈದು ಆಂಪಿಯರ್ ಅವರ್. ಅಷ್ಟೇ. ರಾತ್ರಿ ಮನೆಯಲ್ಲಿ ಚಾರ್ಜರ್‌ಗೆ ಹಾಕಿದರೆ ಸಾಕು. ವೈರ್ 35 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್. ಅದು ಮೆತ್ತಗಿರುತ್ತದೆ, ಬಾಗಿಸಲು ಸುಲಭ. ವೈರ್ ತುದಿಗೆ ಹಾಕುವ ಥಿಂಬಲ್‌ಗಳನ್ನು ಸುತ್ತಿಗೆಯಿಂದ ಕುಟ್ಟದೆ ಹೈಡ್ರಾಲಿಕ್ ಕ್ರಿಂಪರ್‌ನಲ್ಲೇ ಒತ್ತಿಸಿ. ಸಡಿಲ ಥಿಂಬಲ್‌ನಲ್ಲಿ ಇಷ್ಟು ಆಂಪ್ ಹೋದರೆ ಬೆಂಕಿಯೇ. ಪ್ಲಸ್ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಕಟಾಫ್ ಸ್ವಿಚ್. ವಿಂಚ್ ಮೋಟರ್‌ಗೆ ಕರೆಂಟ್ ಹರಿಸಿ ನಿಲ್ಲಿಸುವ ಸ್ವಿಚ್ಚಾದ ಸಾಲಿನಾಯ್ಡ್ ಅಂಟಿಕೊಂಡು ವಿಂಚ್ ನಿಲ್ಲದೇ ಹೋದರೆ ಕೈಗೆ ಸಿಗಬೇಕಾದ್ದು ಅದು. ಹಾಗಾಗಿ ಹಗ್ಗದ ನೇರಕ್ಕೆ ಬರದಂತೆ, ಟ್ರೇಲರ್ ಪಕ್ಕದಲ್ಲಿ ನಿಂತವನ ಕೈಗೆ ಎಟುಕುವಂತೆ ಇಟ್ಟಿದ್ದೇವೆ.

ಬ್ಯಾಟರಿ ಪೆಟ್ಟಿಗೆಗೆ ಮೇಲ್ಗಡೆ ಗಾಳಿ ಹೋಗಲು ಕಿಂಡಿ ಬಿಡಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಸಾಲಿನಾಯ್ಡ್ ಡಬ್ಬಿಯನ್ನು ವೈರ್ ಕೆಳಮುಖವಾಗಿ ಬರುವಂತೆ ಕೂರಿಸಿದರೆ ಮಳೆ ನೀರು ವೈರ್ ಹಿಡಿದು ಒಳಗೆ ಹೋಗುವುದಿಲ್ಲ.

ಮೂಕಿ ಎತ್ತುವುದು

ಎತ್ತಿನ ಗಾಡಿ ಹೊಡೆದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಹಿಂಭಾರ ಆದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕತ್ತು ಹಿಡಿಯುತ್ತದೆ. ಒಂದೇ ಆಕ್ಸಲ್‌ನ ಟ್ರೇಲರ್ ಕೂಡ ಹಾಗೆಯೇ. ಜೀಪಿನ ಮುಂದಿನ ಚಕ್ರ ರ‍್ಯಾಂಪ್ ಹತ್ತಿ ಟ್ರೇಲರಿನ ಹಿಂದಿನ ಅಂಚಿಗೆ ಬಂದಾಗ ಸುಮಾರು 700 ಕಿಲೋ ಅಲ್ಲಿ ಕೂರುತ್ತದೆ, ಆಕ್ಸಲ್‌ನಿಂದ 1.8 ಮೀಟರ್ ಹಿಂದೆ. ಆಕ್ಸಲ್‌ನಿಂದ ಹುಕ್ ತನಕ ನಮ್ಮಲ್ಲಿ 3.7 ಮೀಟರ್. ಟ್ರ್ಯಾಕ್ಟರಿನ ಹುಕ್ಕನ್ನು 340 ಕಿಲೋ ಬಲ ಮೇಲಕ್ಕೆ ಎತ್ತಲು ನೋಡುತ್ತದೆ. ಪಿನ್‌ಗೆ ಕ್ಲಿಪ್ ಹಾಕದೇ ಇದ್ದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ.

ಟ್ರೇಲರ್ ಹಿಂದಿನ ಎರಡೂ ಮೂಲೆಗೆ ಪೈಪ್ ಒಳಗೆ ಪೈಪ್ ಜಾರುವ ಸ್ಟ್ಯಾಂಡ್ ಹಾಕಿದೆವು. ತೂತುಗಳಿಗೆ 16 ಮಿಮೀ ಪಿನ್. ಬುಡಕ್ಕೆ ಅಗಲ ಪ್ಲೇಟ್, ಮೆತ್ತಗಿನ ಮಣ್ಣಿದ್ದರೆ ಅದರಡಿ ಹಲಗೆ ತುಂಡು. ಈ ಹಿಂದಿನ ಸ್ಟ್ಯಾಂಡ್‌ಗಳನ್ನು ಇಳಿಸದೆ ವಿಂಚ್ ರಿಮೋಟ್ ಮುಟ್ಟಬಾರದು ಅನ್ನುವುದು ಚಿಕ್ಕಪ್ಪ ಹಾಕಿದ ನಿಯಮ. ಹತ್ತಿಸಿ ಮುಗಿದ ಮೇಲೆ ಅದನ್ನು ಎತ್ತುವುದನ್ನೂ ಮರೆಯಬಾರದು.

ಹತ್ತಿದ ಜೀಪ್ ಎಲ್ಲಿ ನಿಲ್ಲಬೇಕು ಅನ್ನುವುದೂ ಇದೇ ಲೆಕ್ಕ. ಭಾರದ ನಡು ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಇರಬೇಕು, ಹುಕ್ ಮೇಲೆ ಒಟ್ಟು ಭಾರದ ಹತ್ತು ಹದಿನೈದು ಪರ್ಸೆಂಟ್ ಬೀಳುವಂತೆ. ಎಂಜಿನ್ ಬಿಚ್ಚಿದ ಜೀಪಿನ ಭಾರ ಹಿಂದಕ್ಕೆ ಸರಿದಿರುತ್ತದೆ, ಅದನ್ನು ಇನ್ನೂ ಮುಂದೆ ನಿಲ್ಲಿಸಬೇಕು. ಎಂಜಿನ್ ಇರುವುದಕ್ಕೆ ಬಿಳಿ, ಇಲ್ಲದ್ದಕ್ಕೆ ಹಳದಿ ಅಂತ ಪ್ಲಾಟ್‌ಫಾರಂ ಮೇಲೆ ಎರಡು ಗೆರೆ ಹಾಕಿದ್ದೇವೆ.

ಎಳೆದು ನೋಡಿದ್ದು

ಹೊಸ ಹಗ್ಗವನ್ನು ಸಡಿಲವಾಗಿ ಸುತ್ತಿ ಬಿಟ್ಟರೆ ಭಾರ ಬಿದ್ದಾಗ ಮೇಲಿನ ಸುತ್ತು ಕೆಳಗಿನದರ ಸಂದಿಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಮೊದಲು ಓಡುವ ಜೀಪನ್ನು ಸಣ್ಣ ಏರಿನಲ್ಲಿ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಚೂರು ಹಿಡಿದು, ಅದನ್ನೇ ಎಳೆಯುತ್ತಾ ಪೂರ್ತಿ ಹಗ್ಗ ಬಿಗಿಯಾಗಿ, ಸುತ್ತಿಗೆ ಸುತ್ತು ತಾಗುವಂತೆ ಸುತ್ತಿಸಿದೆವು.

ಆಮೇಲೆ ನಿಜವಾದ ಕೆಲಸ: ಹಿಂದಿನ ಎರಡು ಚಕ್ರ ಹಿಡಿದುಕೊಂಡ ಜೀಪ್. ಕೊಕ್ಕೆಯನ್ನು ಬಂಪರ್‌ಗೆ ಹಾಕಲಿಲ್ಲ. ಹಳೆಯ ಜೀಪಿನ ಬಂಪರ್ ಬೋಲ್ಟ್ ನಂಬುವ ಹಾಗಿಲ್ಲ. ಚಾಸಿಯ ಎರಡು ಮೂತಿಗೂ ಚೈನ್ ಹಾಕಿ ನಡುವಿಗೆ ಶ್ಯಾಕಲ್ ಸೇರಿಸಿದರೆ ಜೀಪ್ ನೇರ ಬರುತ್ತದೆ. ಆ ಚೈನ್‌ನ ಎರಡು ಕಾಲಿನ ನಡುವಿನ ಕೋನ 60 ಡಿಗ್ರಿ ಮೀರಬಾರದು, ಅಗಲ ಆದಷ್ಟೂ ಚೈನ್ ಮೇಲೆ ಬಲ ಜಾಸ್ತಿ. ಸ್ಟೇರಿಂಗ್ ನೇರ ಮಾಡಿ ಹಗ್ಗದಿಂದ ಕಟ್ಟಿದೆವು, ಜೀಪ್ ಒಳಗೆ ಯಾರೂ ಕೂರಲಿಲ್ಲ. ಟ್ರೇಲರ್ ಚಕ್ರಕ್ಕೆ ಎರಡೂ ಕಡೆ ಕಲ್ಲು, ಟ್ರ್ಯಾಕ್ಟರ್‌ಗೆ ಬ್ರೇಕ್ ಲಾಕ್. ಜೀಪ್ ನೆಲದ ಮೇಲಿರುವಾಗ ಎಳೆತ ಪೂರ್ತಿ ಟ್ರೇಲರನ್ನು ಹಿಂದಕ್ಕೆ ಜಗ್ಗುತ್ತದೆ. ಚಕ್ರ ರ‍್ಯಾಂಪ್ ಮೇಲೆ ಬಂದ ಮೇಲೆ ಜೀಪ್ ರ‍್ಯಾಂಪನ್ನೇ ಹಿಂದಕ್ಕೆ ನೂಕುತ್ತದೆ, ಆಗ ಆ ಜಗ್ಗಾಟ ಬಹುಪಾಲು ಟ್ರೇಲರ್ ಒಳಗೇ ಮುಗಿಯುತ್ತದೆ. ಆದರೆ ಆ ನೂಕಿಗೆ ರ‍್ಯಾಂಪ್ ಜಾರಬಾರದು. ಅದಕ್ಕೆ ಎರಡು ರ‍್ಯಾಂಪ್‌ಗೂ ಟ್ರೇಲರ್‌ಗೆ ಕೊಂಡಿ, ಜೊತೆಗೆ ಚೈನ್.

ಹಗ್ಗದ ಮಧ್ಯೆ ಒದ್ದೆ ಮಾಡಿದ ಕಾಫಿ ಗೋಣಿಚೀಲ ಮಡಚಿ ಹಾಕಿದ್ದೇವೆ. ಹಗ್ಗ ಕಡಿದರೆ ಆ ಭಾರ ಅದನ್ನು ನೆಲಕ್ಕೆ ಎಳೆಯುತ್ತದೆ. ಎಲ್ಲರೂ ಹಗ್ಗದ ನೇರದಿಂದ ಪಕ್ಕಕ್ಕೆ, ಹಗ್ಗದ ಉದ್ದಕ್ಕಿಂತ ದೂರ. ರಿಮೋಟ್ ಹಿಡಿದವನು ಟ್ರ್ಯಾಕ್ಟರಿನ ಪಕ್ಕದಲ್ಲಿ.

ಜೀಪ್ ಬಂತು. ಹಿಂದಿನ ಟೈರ್ ಕೀಚಲು ಸದ್ದು ಮಾಡುತ್ತಾ, ರ‍್ಯಾಂಪ್ ಮೇಲೆ ಕಪ್ಪು ಗೆರೆ ಬಿಡುತ್ತಾ, ನಿಧಾನಕ್ಕೆ. ಬ್ಯಾಟರಿ ಮೀಟರ್ 12.6ರಿಂದ 11.3ಕ್ಕೆ ಇಳಿದು ಅಲ್ಲೇ ನಿಂತಿತು. ವಿಂಚ್ ಸ್ಟ್ಯಾಂಡಿನ ತಲೆಗೆ ಕಟ್ಟಿದ್ದ ತೂಗುಗುಂಡಿನ ದಾರ ಕದಲಿದ್ದು ಒಂದು ಮಿಲಿಮೀಟರ್ ಇರಬಹುದು, ಎಳೆತ ನಿಂತಾಗ ವಾಪಸ್ ಬಂತು. ರೋಲರ್ ಮೇಲೆ ಹಗ್ಗ ಸದ್ದಿಲ್ಲದೆ ಉರುಳಿತು. ಅರ್ಧ ದಾರಿಯಲ್ಲಿ ಒಂದು ಸಲ ನಿಲ್ಲಿಸಿ ಮೋಟರ್ ಮುಟ್ಟಿ ನೋಡಿದೆವು. ಈ ಮೋಟರ್‌ಗಳು ಬಿಡದೆ ದುಡಿಯಲು ಅಂತ ಮಾಡಿದವಲ್ಲ. ಒಂದು ನಿಮಿಷ ಎಳೆದರೆ ಎರಡು ಮೂರು ನಿಮಿಷ ಬಿಡುವು ಕೊಡಬೇಕು. ಕಲ್ಲು ಕೊಡುವ ಇಬ್ಬರು ಆಳುಗಳು ದೂರದಲ್ಲಿ ಹಲಸಿನ ಮರದ ಕೆಳಗೆ ನಿಂತು ನೋಡುತ್ತಿದ್ದರು. ಅವರು ಅಲ್ಲಿ ನಿಂತದ್ದೇ ನನಗೆ ಈ ಕೆಲಸದ ಲಾಭ.

ಹತ್ತಿದ ಮೇಲೆ ವಿಂಚನ್ನೇ ನಂಬಿ ರಸ್ತೆಗೆ ಹೋಗಬಾರದು. ನಾಲ್ಕು ಮೂಲೆಗೆ ರ‍್ಯಾಚೆಟ್ ಬೆಲ್ಟ್, ಚಾಸಿಯಿಂದ ಟ್ರೇಲರಿನ ಕೊಂಡಿಗೆ. ಆಮೇಲೆ ವಿಂಚ್ ಹಗ್ಗದ ಬಿಗಿ ಚೂರು ಕಡಿಮೆ ಮಾಡಿ. ಗುಂಡಿಗಳ ಹೊಡೆತ ವಿಂಚ್ ಗೇರಿಗೆ ಹೋಗಬಾರದು. ಇಳಿಸುವಾಗ ಸ್ವಲ್ಪ ಸ್ವಲ್ಪ ಬಿಡಿ, ಮಧ್ಯೆ ನಿಲ್ಲಿಸಿ, ಒಳಗಿನ ಬ್ರೇಕ್ ತಣ್ಣಗಾಗಲಿ.

ವಿಂಚ್, ಸ್ಟ್ಯಾಂಡ್, ಬ್ಯಾಟರಿ, ರೋಲರ್ ಎಲ್ಲಾ ಸೇರಿ ಟ್ರೇಲರ್‌ಗೆ ಹೆಚ್ಚುಕಡಿಮೆ 100 ಕಿಲೋ ಕೂಡಿತು. ಅಷ್ಟು ಮಾಲು ಕಡಿಮೆ ಹೇರಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಆರ್‌ಸಿಯಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡಿನ ಬಗ್ಗೆ ಹೇಳುತ್ತದೆ. ಸಾರ್ವಜನಿಕ ರಸ್ತೆಗೆ ಒಯ್ಯುವವರು ಕೆಲಸ ಶುರು ಮಾಡುವ ಮುಂಚೆಯೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಏನನ್ನೂ ತುಕ್ಕು ಬಿಡುವುದಿಲ್ಲ. ವೆಲ್ಡ್‌ಗಳಿಗೆ ಜಿಂಕ್ ಪ್ರೈಮರ್ ಎರಡು ಕೋಟ್, ಮೇಲೆ ಪೇಂಟ್. ವಿಂಚ್‌ಗೆ ಟಾರ್ಪಾಲಿನ ಟೋಪಿ ಹೊಲಿಸಿದ್ದೇವೆ, ಕೆಳಗೆ ತೆರೆದಿದೆ, ಇಲ್ಲದಿದ್ದರೆ ಒಳಗೆ ಬೆವರುತ್ತದೆ. ವಾರಕ್ಕೊಮ್ಮೆ ಕ್ಲಚ್ ಲಿವರ್ ಆ ಕಡೆ ಈ ಕಡೆ ಆಡಿಸಿ, ಹಗ್ಗ ಎರಡು ಮೀಟರ್ ಬಿಟ್ಟು ಸುತ್ತುವುದು. ಹಗ್ಗಕ್ಕೆ ಎಣ್ಣೆಯ ಬಟ್ಟೆ ಒರೆಸುವುದು. ಒರೆಸುವಾಗ ಬಟ್ಟೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಎಳೆ ಕಡಿದಿದೆ ಅಂತ ಅರ್ಥ.

ಮುಂದೆ ಆಗಬೇಕಾದ್ದು ಸ್ನ್ಯಾಚ್ ಬ್ಲಾಕ್. ಹಗ್ಗವನ್ನು ಜೀಪಿನ ಹತ್ತಿರ ಪುಲ್ಲಿಗೆ ಸುತ್ತಿಸಿ ವಾಪಸ್ ಟ್ರೇಲರ್‌ಗೆ ತಂದು ಕಟ್ಟಿದರೆ ಎಳೆಯುವ ಬಲ ಎರಡು ಪಟ್ಟು, ವೇಗ ಅರ್ಧ. ಕೆಸರಲ್ಲಿ ಹೂತ ಜೀಪಿಗೆ ಅದು ಬೇಕು. ಆದರೆ ಟ್ರೇಲರ್ ಮೇಲೂ ಬಲ ಎರಡು ಪಟ್ಟು ಬೀಳುತ್ತದೆ: ಅರ್ಧ ವಿಂಚ್ ಮೇಲೆ, ಅರ್ಧ ಹಗ್ಗ ಕಟ್ಟಿದ ಕೊಂಡಿಯ ಮೇಲೆ. ಆ ಕೊಂಡಿಯನ್ನು ಸ್ಟ್ಯಾಂಡಿಗೆ ಹಾಕುವುದಿಲ್ಲ. ಮುಂದಿನ ಅಡ್ಡ ಚಾನೆಲ್‌ನ ಹಿಂದೆ 12 ಮಿಮೀ ಪ್ಲೇಟ್ ಕೊಟ್ಟು, ಉದ್ದದ ಎರಡು ಚಾಸಿ ಚಾನೆಲ್‌ಗಳಿಗೆ ಗಸೆಟ್ (ಮೂಲೆ ಬಲಪಡಿಸುವ ಪ್ಲೇಟ್ ತುಂಡು) ಸೇರಿಸಿ, ಅದಕ್ಕೆ ಕೊಂಡಿ. ಪ್ಲೇಟ್ ಕತ್ತರಿಸಿ ವೆಲ್ಡಿಂಗ್ ಶಾಪಿನಲ್ಲಿ ಇಟ್ಟಾಗಿದೆ, ಕಾಫಿ ಕೊಯ್ಲು ಮುಗಿದು ಟ್ರೇಲರ್ ಬಿಡುವಾದ ಮೇಲೆ ಹಾಕಿಸುತ್ತೇವೆ.